ಗುಮ್ಮಟದ ಊರಿನವ್ರು ರೋಮ್‌ಗೆ ಹೊಂಟಾಗ

ಹೋದ ಸಂಚಿಕೆಯೊಳಗ ರೋಮ್‌ಗೆ ಹೋಗಿ ಬಂದ ಸುದ್ದಿ ಎರಡೇ ಸಾಲು ಬರೆದಿದ್ದೆ, ಅಷ್ಟಕ್ಕ ಇಷ್ಟು ಪ್ರಶ್ನೆ ಬರ್ತಾವಂತ ಅಂದ್ಕೊಂಡಿರ್ಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲಾದವ್ರು ಕೇಳ್ಯಾರ. ಒಂದ ಪ್ರಶ್ನೆ ನಾಕು ಮಂದಿ ಕೇಳಿದ್ದನ್ನ ಕೂಡಿಸಿ ಒಂದ ಮಾಡೀನಿ. ಮೊದಲ ಹೇಳಿಬಿಡ್ತೀನಿ, ನಾನು ಟ್ರಾವೆಲ್ ಏಜೆಂಟ್ ಅಲ್ಲ, ಒಂದ್ಸಲ ಗ್ರೂಪ್ ಟೂರ್‌ನ್ಯಾಗ ಯಜಮಾನ್ರ ಜೋಡಿ, ಇನ್ನೊಂದ್ಸಲ ಮಗಳ ಜೋಡಿ ಸ್ವಂತ ಹೋಗಿ ಬಂದಾಕಿ, ಅಷ್ಟ.

ಪ್ರಶ್ನೆ: ಮೇಡಂ, ನಾವು ಗಂಡ ಹೆಂಡತಿ ಇಬ್ರೂ ರಿಟೈರ್ಡ್ ಶಿಕ್ಷಕರು. 11 ದಿನದ ಯುರೋಪ್ ಪ್ಯಾಕೇಜ್ ತಗೊಳ್ಳೋ ವಿಚಾರ ಐತಿ, ಅದರಾಗ ರೋಮ್‌ಗೆ ಒಂದೂವರೆ ದಿನ ಕೊಟ್ಟಾರ. ಮಗ ನೋಡಿದ್ರ "ಗೈಡ್ ಯಾಕ ಬೇಕು, ಮೊಬೈಲ್ ಹಿಡ್ಕೊಂಡು ನೀವ ತಿರುಗಾಡ್ರಿ" ಅಂತಾನ. ಏನ್ ಮಾಡೂಣು?
— ನಿವೃತ್ತ ಶಿಕ್ಷಕರು, ಜಲನಗರ, ವಿಜಯಪುರ

ಸರ್, ಮೊದಲು ಆ ಪ್ಯಾಕೇಜಿನ ಹಾಳಿ ಕೈಯಾಗ ಹಿಡೀರಿ, ಮಕ್ಕಳ ಪೇಪರ್ ತಿದ್ದಿದಂಗ ಕೆಂಪು ಪೆನ್ನು ತಗೊಂಡು ಓದ್ರಿ. "ಕೊಲೋಸಿಯಂ" (ಹಳೇ ರೋಮಿನವ್ರು ಕಾದಾಟ ನೋಡ್ತಿದ್ದ ದೊಡ್ಡ ಅಖಾಡ) ಅಂತ ಬರೆದಾರಂದ್ರ ಒಳಗ ಕರ್ಕೊಂಡು ಹೋಗ್ತಾರಂತ ಅರ್ಥ ಅಲ್ಲ. ಬಾಜೂಕ ಸಣ್ಣ ಅಕ್ಷರದಾಗ "ಫೋಟೋ ಸ್ಟಾಪ್" ಅಂತನೋ "ಪ್ಯಾನೊರಾಮಿಕ್ ಟೂರ್" ಅಂತನೋ ಇದ್ರ ಅದು ಹೊರಗಿಂದ ಹೊರಗ. ನಾವು ಮೊದಲನೇ ಸಲ ಹೋದಾಗ ಇದು ತಿಳೀಲಿಲ್ಲ. ಬಸ್ಸು ರಸ್ತೆ ಆಚೆ ಕಡೆ ನಿಲ್ಲಿಸಿ "ಇಪ್ಪತ್ತು ನಿಮಿಷ ಟೈಮ್ ಐತಿ" ಅಂದ್ರು, ಗ್ರೂಪ್ ಫೋಟೋಕ್ಕ ಎಲ್ಲಾರ್ನೂ ಜೋಡಿಸೂದ್ರಾಗ ಹನ್ನೆರಡು ನಿಮಿಷ ಹೋತು, ಉಳಿದದ್ದು ಬಾತ್‌ರೂಮ್ ಹುಡುಕೂದ್ರಾಗ ಹೋತು. ಲಕ್ಷಗಟ್ಲೆ ರೊಕ್ಕ ಕೊಟ್ಟು ಕೊಲೋಸಿಯಮ್ಮಿನ ಹೊರಗಿನ ಗ್ವಾಡಿ ನೋಡ್ಕೊಂಡು ಬಂದ್ವಿ, ಈಗೂ ನೆನಸ್ಕೊಂಡ್ರ ಹೊಟ್ಟಿ ಉರಿತೈತಿ. ಯಾರ ಟೂರ್ ಅಂತ ಕೇಳಬ್ಯಾಡ್ರಿ, ಹೇಳೂದಿಲ್ಲ, ಹಾಳಿ ಓದದ ಸಹಿ ಮಾಡಿದ್ದು ನಮ್ಮ ತಪ್ಪೂ ಹೌದು.

ಇನ್ನ ಗೈಡ್ ಬೇಕಾ ಅಂದ್ರ ನನ್ನ ಲೆಕ್ಕ ಹಿಂಗ: ಕಟ್ಟಡ ಗಟ್ಟಿ ನಿಂತಿದ್ರ ಗೈಡ್ ಇಲ್ಲದ ನಡೀತೈತಿ, ಕಲ್ಲು ಬಿದ್ದು ಮಣ್ಣಾಗಿದ್ರ ಗೈಡ್ ಬೇಕ ಬೇಕು. ರೋಮನ್ ಫೋರಂ ಅಂತ ಐತಲ್ರಿ, ಕೊಲೋಸಿಯಮ್ಮಿನ ಮಗ್ಗಲಾಗ, ಅದು ಹಳೇ ರೋಮಿನ ಪ್ಯಾಟಿ, ಕೋರ್ಟು, ಗುಡಿ, ಭಾಷಣದ ಕಟ್ಟಿ ಎಲ್ಲಾ ಇದ್ದ ಜಾಗಾ. ಈಗ ಇಲ್ಲಿ ಮೂರು ಕಂಬ, ಅಲ್ಲಿ ಅರ್ಧ ಗ್ವಾಡಿ. ಸುಮ್ಮನ ಹೋದ್ರ ಬಿಸಲಾಗ ಕಲ್ಲು ಎಣಿಸಿ ಬರ್ತೀರಿ. ಎರಡನೇ ಸಲ ನಾವು ಒಬ್ಬಾಕಿ ಲೋಕಲ್ ಗೈಡ್‌ನ ತಗೊಂಡಿದ್ವಿ, ಆಕಿ ಒಂದು ಸಣ್ಣ ಚಾವಣಿ ಕೆಳಗಿನ ಮಣ್ಣಿನ ದಿಬ್ಬದ ಮುಂದ ನಿಲ್ಲಿಸಿದ್ಲು, ನೋಡಿದ್ರ ಒಲಿ ಹಚ್ಚಿ ಬಿಟ್ಟುಹೋದ ಜಾಗಾ ಇದ್ದಂಗಿತ್ತು, ಅದರ ಮ್ಯಾಲ ಯಾರೋ ಆವತ್ತಿನ ಹೂವು ಇಟ್ಟಿದ್ರು. ಜೂಲಿಯಸ್ ಸೀಸರ್‌ನ ಹೆಣ ಸುಟ್ಟ ಜಾಗಾ ಅದು. ಎರಡು ಸಾವಿರ ವರ್ಷದ ಮ್ಯಾಲೂ ಹೂವು ಬರ್ತಾವ್ರಿ! ಸೀಸರ್‌ನ ಕೊಂದದ್ದು ಇಲ್ಲೇ ಅಂತ ನಾನು ತಿಳ್ಕೊಂಡಿದ್ದೆ, ಅದೂ ಅಲ್ಲಂತ, ಕ್ರಿಸ್ತಪೂರ್ವ 44ರಾಗ ಕೊಂದದ್ದು ಅಲ್ಲಿಂದ ಒಂದಿಷ್ಟು ದೂರ ಲಾರ್ಗೊ ಅರ್ಜೆಂಟೀನಾ ಅನ್ನೋ ಚೌಕದ ಕಡೆ, ಈಗ ಆ ಹಾಳುಗುಡಿ ತುಂಬ ಬೆಕ್ಕು ಮಲ್ಕೊಂಡಿರ್ತಾವ.

ಇನ್ನೊಂದು ಮಾತು ಆಕಿ ಹೇಳಿದ್ಲು, ಅದು ನನಗ ಬಾಳ ನಾಟ್ತು. ಸಾಮ್ರಾಜ್ಯ ಹಾಳಾದ ಮ್ಯಾಲ ಫೋರಂ ಮಣ್ಣಾಗ ಮುಚ್ಚಿ ಹೋಗಿ, ಜನ ಅಲ್ಲಿ ದನ ಮೇಯಿಸ್ತಿದ್ರಂತ, ಹೆಸರೂ "ಕಾಂಪೊ ವಾಚ್ಚೀನೊ" ಅಂತಿತ್ತಂತ, ಅಂದ್ರ ಆಕಳ ಹೊಲ. ನಾನು ಸಣ್ಣಾಕಿ ಇದ್ದಾಗ ನಮ್ಮ ಊರಾಗ ಹಳೇ ಕಮಾನಿನ ಕೆಳಗ ಎಮ್ಮಿ ಕಟ್ಟಿದ್ದು, ಗೋರಿ ಗ್ವಾಡಿಗೆ ಕುಳ್ಳು ತಟ್ಟಿದ್ದು ಕಣ್ಣಾರೆ ನೋಡಿದಾಕಿ, ಆಗ ನಮ್ಮ ಮಂದಿಗೆ ಇತಿಹಾಸದ ಬೆಲೆ ಗೊತ್ತಿಲ್ಲಂತ ಓದಿದವ್ರು ಬೈತಿದ್ರು. ರೋಮಿನವ್ರೂ ಅದನ್ನ ಮಾಡ್ಯಾರ, ನೂರಾರು ವರ್ಷ.

ಕೊಲೋಸಿಯಂ ಒಳಗೂ ಗೈಡ್ ಇರ್ಲಿ. ಕ್ರಿ.ಶ. 80ರಾಗ ಶುರುವಾದದ್ದು, ಐವತ್ತು ಸಾವಿರ ಮಂದಿ ಕೂಡ್ತಿದ್ರು ಅಂತಾರ. ಹೊರಗಿನ ಕಲ್ಲಿಗೆ ಮುಷ್ಟಿ ಗಾತ್ರದ ತೂತು ಕಾಣ್ತಾವ, ನಾನು ತೋಪಿನ ಗುಂಡು ಬಡಿದದ್ದು ಅಂದ್ಕೊಂಡಿದ್ದೆ. ಗೈಡ್ ನಕ್ಕು ಹೇಳಿದ್ಲು, ಕಲ್ಲಿಗೆ ಕಲ್ಲು ಹಿಡಿಸಾಕ ಒಳಗ ಕಬ್ಬಿಣದ ಕೊಂಡಿ ಹಾಕಿದ್ರು, ಮುಂದ ಕಬ್ಬಿಣ ತುಟ್ಟಿ ಆದಾಗ ಮಂದಿ ಅದನ್ನ ಕಿತ್ಕೊಂಡು ಹೋದ್ರು ಅಂತ. ಬಾಗಿಲು ಕಮಾನು 80, ಅದರಾಗ 76ರ ಮ್ಯಾಲ ರೋಮನ್ ಅಂಕಿ ಕೊರದಾರ, ಕೆಲವು ಈಗೂ ಓದಾಕ ಬರ್ತಾವ, ನಮ್ಮ ಬಸ್‌ಸ್ಟ್ಯಾಂಡಿನ ಪ್ಲಾಟ್‌ಫಾರಂ ನಂಬರ್ ಇದ್ದಂಗ, ಆಗಿನ ಮಂದಿ ತಮ್ಮ ಟಿಕೆಟ್‌ನ್ಯಾಗ ಯಾವ ನಂಬರಿತ್ತೋ ಆ ಬಾಗಲದಿಂದ ಒಳಗ ಹೋಗ್ತಿದ್ರು. ನಿಮ್ಮ ಮಗನ ಮೊಬೈಲ್ ದಾರಿ ತೋರಸ್ತೈತಿ ಸರ್, ಆದ್ರ "ಆ ತೂತು ನೋಡ್ರಿ" ಅಂತ ಬೆರಳು ಮಾಡಿ ತೋರ್ಸೂದಿಲ್ಲ.

ಹಂಗಾಗಿ ಪ್ಯಾಕೇಜ್ ತಗೋರಿ, ಹೋಟೆಲ್ಲು ಬಸ್ಸು ವೀಸಾ ಅವ್ರ ತಲಿನೋವು ಆಗ್ಲಿ. ಆದ್ರ ಅರ್ಧ ದಿನ ಬಿಡಿಸ್ಕೊಂಡು, ಕೊಲೋಸಿಯಂ ಮತ್ತ ಫೋರಂ ಕೂಡಿದ ಮೂರು ತಾಸಿನ ಲೋಕಲ್ ಟೂರ್ ನೀವ ಬುಕ್ ಮಾಡ್ರಿ. ಹತ್ತು ಹದಿನೈದು ಮಂದಿಗಿಂತ ಹೆಚ್ಚಿಲ್ಲದ ಗುಂಪು ಚಲೋ. ಕಿವಿಗೆ ಹಾಕೋ ಇಯರ್‌ಫೋನ್ ಕೊಡ್ತಾರ, ಗೈಡ್ ಮುಂದ ಇದ್ರೂ ಮಾತು ಕಿವಿಯಾಗ ಕೇಳ್ತೈತಿ. ಅಲ್ಲಿ ಗೈಡ್‌ಗೆ ಸರಕಾರಿ ಲೈಸೆನ್ಸ್ ಬೇಕು, ಕೊರಳಾಗ ಕಾರ್ಡ್ ಇರ್ತೈತಿ, ರಸ್ತೆದಾಗ "ಕ್ಯೂ ಇಲ್ಲದ ಒಳಗ ಬಿಡ್ತೀನಿ ಬರ್ರಿ" ಅಂತ ಕೈ ಹಿಡಿಯಾಕ ಬರೂರನ್ನ ನಂಬಬ್ಯಾಡ್ರಿ. ಕೊಲೋಸಿಯಂ ಟಿಕೆಟ್ 2023ರಿಂದ ಹೆಸರಿನ ಮ್ಯಾಲ ಕೊಡ್ತಾರ, ಪಾಸ್‌ಪೋರ್ಟಿನಾಗ ಹೆಂಗೈತೋ ಹಂಗ ಇರಬೇಕು. ನಮ್ಮ ಕಡೆಯವ್ರಿಗೆ ಇದೊಂದು ದೊಡ್ಡ ಗೋಳು ನೋಡ್ರಿ, ಒಂದು ಕಡೆ ಅಡ್ಡಹೆಸರು ಮುಂದ, ಇನ್ನೊಂದು ಕಡೆ ಹಿಂದ, ಮತ್ತೊಂದು ಕಡೆ ಅಪ್ಪನ ಹೆಸರು ನಡುವ. ಬುಕ್ ಮಾಡೂವಾಗ ಪಾಸ್‌ಪೋರ್ಟ್ ಎದುರಿಗೆ ಇಟ್ಕೊಂಡ ಕೂಡ್ರಿ.

ಪ್ರಶ್ನೆ: ನಾನು ಹತ್ತನೇ ತರಗತಿ. ಗೋಳಗುಮ್ಮಟದ ಗೈಡ್ ಅಂಕಲ್‌ಗಳು "ರೋಮಿನ ಸೇಂಟ್ ಪೀಟರ್ಸ್ ಬಿಟ್ರ ಜಗತ್ತಿನಾಗ ಎರಡನೇ ದೊಡ್ಡ ಗುಮ್ಮಟ ನಮ್ಮದು" ಅಂತಾರ. ನೀವು ಎರಡೂ ನೋಡೀರಿ, ಖರೇನಾ ಮೇಡಂ?
— ವಿದ್ಯಾರ್ಥಿನಿ, ವಿಜಯಪುರ

ಬಾ ತಂಗಿ, ಈ ಪ್ರಶ್ನೆಗೆ ಕಾಯ್ತಿದ್ದೆ. ಆ ಮಾತು ನಾನೂ ನಿನ್ನ ವಯಸ್ಸಿನಾಗ ಕೇಳಿದಾಕಿ, ಮನಿಗೆ ಬಂದ ಬೀಗರಿಗೆಲ್ಲ ಹೇಳಿ ಹೇಳಿ ದೊಡ್ಡಾಕಿ ಆದಾಕಿ. ಟೇಪ್ ಹಿಡಿದು ನೋಡಿದ್ರ ಕಥಿ ಬ್ಯಾರೆ ಐತಿ. ನಮ್ಮ ಗುಮ್ಮಟದ ಅಗಲ ಹೊರಗಿಂದ ಹೊರಗ 44 ಮೀಟರ್, ಒಳಗಿಂದ ಒಳಗ ಸುಮಾರು 38. ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ ಒಳ ಅಗಲ ಸುಮಾರು 41.5. ಆದ್ರ ಅದ ರೋಮ್‌ನ್ಯಾಗ ಪ್ಯಾಂಥಿಯನ್ ಅಂತ ಹಳೇ ರೋಮಿನವ್ರ ಗುಡಿ ಐತಿ, ಅದರ ಒಳ ಅಗಲ 43.3 ಮೀಟರ್! ಅಂದ್ರ ಗೈಡ್ ಅಂಕಲ್ ಹೇಳೂ ಮೊದಲನೇದ್ದಕಿಂತ ದೊಡ್ಡದು ಅದ ಊರಾಗ ಐತಿ, ಅದನ್ನ ಮರ್ತ ಬಿಟ್ಟಾರ. ಫ್ಲಾರೆನ್ಸ್‌ನ್ಯಾಗಿಂದು ಪ್ಯಾಂಥಿಯನ್ನಿಗಿಂತ ಸ್ವಲ್ಪ ದೊಡ್ಡದು, ಈಗಿನ ಕಾಲದ ಸ್ಟೇಡಿಯಂ ಚಾವಣಿ ಹಿಡಿದ್ರ ಎಲ್ಲಾನೂ ಸಣ್ಣವ ಆಗ್ತಾವ. ಎರಡನೇದೋ ನಾಕನೇದೋ ಬಿಡು, ಜಗಳಾ ಯಾಕ.

ನನಗ ಹೇಳಬೇಕಾದ್ದು ಬ್ಯಾರೆ. ಪ್ಯಾಂಥಿಯನ್ ಕಟ್ಟಿದ್ದು ಕ್ರಿ.ಶ. 125ರ ಸುಮಾರು, ಹೇಡ್ರಿಯನ್ ಚಕ್ರವರ್ತಿ ಕಾಲಕ್ಕ. ನಮ್ಮ ಮೊಹಮ್ಮದ್ ಆದಿಲ್‌ಶಾಹ ತೀರ್ಕೊಂಡು ಗೋಳಗುಮ್ಮಟದಾಗ ಮಣ್ಣಾದದ್ದು 1656ರಾಗ. ಸಾವಿರದೈನೂರು ವರ್ಷದ ಫರಕು. ಅವರದು ಕಾಂಕ್ರೀಟು, ಒಳಗ ಒಂದ ಒಂದು ಸಳಿ ಕಬ್ಬಿಣ ಇಲ್ಲ! ಕೆಳಗ ವಜ್ಜಿ ಕಲ್ಲು ಕೂಡಿಸ್ಯಾರ, ಮ್ಯಾಲ ಹೋದಂಗ ಹೋದಂಗ ಹಗುರ ಕಲ್ಲು, ತುದಿಗೆ ನೀರಾಗ ತೇಲೂವಂಥ ಜ್ವಾಲಾಮುಖಿ ಕಲ್ಲು ಕೂಡಿಸ್ಯಾರ, ದಪ್ಪನೂ ಬುಡದಾಗ ಆರು ಮೀಟರ್ ಮ್ಯಾಲ ಇದ್ದದ್ದು ತುದಿಗೆ ಒಂದು ಮೀಟರ್ ಚಿಲ್ಲರೆ. ಮತ್ತ ನಟ್ಟನಡುವ ಚಾವಣಿಗೆ ತೂತು, ಎಂಟು ಮೀಟರಿನಕಿಂತ ಅಗಲ, ಮುಚ್ಚಳಿಲ್ಲ, ಗಾಜಿಲ್ಲ. "ಒಳಗ ಮಳಿ ಬೀಳೂದಿಲ್ಲ, ಗಾಳಿ ತಡೀತೈತಿ" ಅಂತ ಅಲ್ಲಿಯ ಗೈಡ್‌ಗಳೂ ಹೇಳ್ತಾರ. ಎಲ್ಲಾ ಊರಿನ ಗೈಡೂ ಒಂದ ನೋಡು! ನಾವು ಹೋದ ದಿನ ಮಳಿ ಬಂತು, ಚಂದಾಗಿ ಬಿತ್ತು, ನಡುವಿನ ನೆಲಕ್ಕ ಹಗ್ಗ ಕಟ್ಟಿದ್ರು. ನೆಲ ನಡುವ ಸ್ವಲ್ಪ ಉಬ್ಬಿ ಐತಿ, ನೆಲದಾಗ 22 ಸಣ್ಣ ತೂತು ಅದಾವ, ನೀರು ಸುಮ್ಮನ ಅದರಾಗ ಇಳದು ಹೋಗ್ತೈತಿ. ನಾನು ಬಗ್ಗಿ ನೋಡಿದೆ, ನಮ್ಮ ಮನಿ ಬಚ್ಚಲ ಜಾಳಿ ತೂತಿನಷ್ಟ ಇದ್ವು.

ಇನ್ನ ನಮ್ಮದ್ರ ಬಗ್ಗೆ ತಲಿ ತಗ್ಗಸ್ಬ್ಯಾಡ. ಪ್ಯಾಂಥಿಯನ್ ದುಂಡಗಿನ ಗ್ವಾಡಿ ಮ್ಯಾಲ ದುಂಡಗಿನ ಗುಮ್ಮಟ, ತಕ್ಕಡಿ ಸರಿ. ನಮ್ಮವರು ಚೌಕ ಮನಿ ಕಟ್ಟಿ ಅದರ ಮ್ಯಾಲ ದುಂಡಂದು ಕೂಡಿಸ್ಯಾರ, ಒಂದಕ್ಕೊಂದು ಅಡ್ಡ ಹಾಯೂ ಎಂಟು ಕಮಾನು ಹಚ್ಚಿ. ಲೆಕ್ಕ ಮಾಡಿ ನೋಡು, ನೀ ಹತ್ತನೇತ್ತ ಇದ್ದಿ, ಬರ್ತೈತಿ: 43.3 ಮೀಟರ್ ಅಗಲದ ವರ್ತುಲದ ಕ್ಷೇತ್ರಫಲ ಎಷ್ಟು, ಗೋಳಗುಮ್ಮಟದ ಒಳಗಿನ 41 ಮೀಟರ್ ಚೌಕದ್ದು ಎಷ್ಟು? ನೆಲದ ಲೆಕ್ಕದಾಗ ನಮ್ಮದ ದೊಡ್ಡದು. ಗೈಡ್ ಅಂಕಲ್‌ಗೆ ಇದನ್ನ ಹೇಳಿ ಕೊಡು, ನಾಳೆಯಿಂದ ಇದನ್ನ ಹೇಳ್ಲಿ. ಮತ್ತ ನಮ್ಮ ಪಿಸುಗುಟ್ಟೂ ಗ್ಯಾಲರಿ ಅಲ್ಲಿಲ್ಲ, ಪ್ಯಾಂಥಿಯನ್ 609ರಿಂದ ಚರ್ಚ್ ಆಗೈತಿ, ಮಂದಿ ಗದ್ದಲ ಹೆಚ್ಚಾತಂದ್ರ ಸ್ಪೀಕರ್‌ನ್ಯಾಗ ಸುಮ್ಮನಿರ್ರಿ ಅಂತ ಹೇಳ್ತಾರ. ನಮ್ಮಲ್ಲಿ ಏಳು ಸಲ ತಿರುಗಿ ಕೇಳೂವಂಗ ಒದರಿ ಬರೂ ಮಂದಿಗೆ ಅದು ಸ್ವಲ್ಪ ಕಷ್ಟನ.

ಸೇಂಟ್ ಪೀಟರ್ಸ್ ಗುಮ್ಮಟ ಮೈಕೆಲೇಂಜೆಲೊ ನಕ್ಷೆ ಮಾಡಿದ್ದು, ಆತ ತೀರ್ಕೊಂಡ ಮ್ಯಾಲ 1590ರಾಗ ಮುಗೀತು. ಮ್ಯಾಲ ಹತ್ತಾಕ 551 ಮೆಟ್ಲು, ಲಿಫ್ಟ್‌ಗೆ ರೊಕ್ಕ ಕೊಟ್ರೂ 320 ಹತ್ತಬೇಕು, ಗುಮ್ಮಟ ಬಾಗಿದಂಗ ಗ್ವಾಡಿನೂ ಬಾಗ್ತೈತಿ, ನಾವೂ ಒಂದ ಮಗ್ಗಲಾಗಿ ನಡೀಬೇಕು, ಕಡೀಗೆ ಸುರುಳಿ ಮೆಟ್ಲದಾಗ ಹಿಡ್ಕೊಳ್ಳಾಕ ಮ್ಯಾಲಿಂದ ಒಂದು ದಪ್ಪ ಹಗ್ಗ ಬಿಟ್ಟಾರ. ಗೋಳಗುಮ್ಮಟದ ಮೂಲಿ ಮಿನಾರದ ಮೆಟ್ಲ ಹತ್ತಿದವ್ರಿಗೆ ಹೆದರಿಕಿ ಇಲ್ಲ.

ಪ್ರಶ್ನೆ: ನಾವು ಪಕ್ಕಾ ಶಾಕಾಹಾರಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ನಡೀತೈತಿ, ತತ್ತಿನೂ ನಡಿಯಂಗಿಲ್ಲ. ಅಲ್ಲಿ ಏನ್ ತಿನ್ನೂದು? ರೊಟ್ಟಿ ಒಯ್ಬಹುದಾ? ಅಲ್ಲಿರೋ ಅಣ್ಣನ ಮಗನಿಗೆ ಬೆಳಗಾವಿ ಕುಂದಾ ಕೊಡೂ ಆಸೆ ಐತಿ.
— ಗೃಹಿಣಿ, ವಿದ್ಯಾಗಿರಿ, ಬಾಗಲಕೋಟೆ

ಅಕ್ಕಾರ, ಕುಂದಾ ಆಸೆ ಬಿಡ್ರಿ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದ ಒಳಗ ಒಯ್ಯಂಗಿಲ್ಲ, ಸಿಕ್ರ ವಿಮಾನ ನಿಲ್ದಾಣದಾಗ ತಗೊಂಡು ಡಬ್ಬಿಗೆ ಹಾಕ್ತಾರ. ಕುಂದಾ ಕಸದಾಗ ಬೀಳೂದು ನೋಡೂಕಿಂತ ಇಲ್ಲೇ ತಿಂದು ಹೋಗ್ರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ರಿ, ನಾನು ಎರಡೂ ಸಲ ಒಯ್ದೀನಿ. ಚಟ್ನಿ ಚೆಕ್-ಇನ್ ಬ್ಯಾಗಿನಾಗ ಹಾಕ್ರಿ, ರೊಟ್ಟಿ ಕೈ ಬ್ಯಾಗಿನಾಗ, ಇಲ್ಲಾಂದ್ರ ರೋಮ್‌ಗೆ ಹೋಗೂದ್ರಾಗ ಎಲ್ಲಾ ಮುರದು ಚೂರಾಗಿರ್ತಾವ.

ಊಟಕ್ಕ ತ್ರಾಸಿಲ್ಲ. "ಪಿಜ್ಜಾ ಅಲ್ ತಾಲ್ಯೊ" ಅಂತ ಅಂಗಡಿ ಇರ್ತಾವ, ಉದ್ದ ತಟ್ಟಿಯೊಳಗ ಪಿಜ್ಜಾ ಇಟ್ಟಿರ್ತಾರ, ಎಷ್ಟು ಬೇಕೋ ಕೈ ಮಾಡಿ ತೋರ್ಸಿದ್ರ ಅಷ್ಟ ಕತ್ರಿಲೆ ಕತ್ತರಿಸಿ ತೂಕ ಮಾಡಿ ಕೊಡ್ತಾರ, ನಮ್ಮ ಬಟ್ಟಿ ಅಂಗಡಿಯವ ಅರಬಿ ಕತ್ತರಿಸಿದಂಗ. "ಮರಿನಾರಾ" ಅಂದ್ರ ಟೊಮ್ಯಾಟೊ ಬೆಳ್ಳುಳ್ಳಿ ಅಷ್ಟ, ಚೀಜ್ ಇರೂದಿಲ್ಲ. ಹಿಂಗ್ಯಾಕ ಹೇಳಿದೆ ಅಂದ್ರ, ಅಲ್ಲಿ ಪೆಕೊರಿನೊ, ಪಾರ್ಮೆಜಾನ್ ಚೀಜ್‌ಗೆ ಹಾಲು ಒಡೆಸಾಕ ಕರುವಿನ ಇಲ್ಲಾ ಕುರಿಮರಿ ಹೊಟ್ಟಿಯ ಹೆಪ್ಪು ಹಾಕ್ತಾರ. ರೋಮಿನ ಹೆಸರುವಾಸಿ "ಕಾಚೊ ಎ ಪೆಪೆ" ಪಾಸ್ತಾ ನೋಡಾಕ ಶುದ್ಧ ಶಾಕಾಹಾರಿ, ಒಳಗ ಪೆಕೊರಿನೊನ ಇರ್ತೈತಿ. ನಾನು ತಿಳಿದೂ ತಿಂದೆ, ಪಕ್ಕಾದವ್ರು ನೀವು ವಿಚಾರ ಮಾಡ್ರಿ. ಇನ್ನ ಚಹಾದ ಬದ್ಲಿ ಕಾಫಿ, ಅದನ್ನ ಕೌಂಟರ್‌ನ್ಯಾಗ ನಿಂತು ಕುಡದ್ರ ಅಗ್ಗ, ಕುರ್ಚಿ ಮ್ಯಾಲ ಕುಂತ್ರ ಬಿಲ್ ಬ್ಯಾರೆ. ಎದೆ ಒಡದುಕೊಳ್ಳೂವಷ್ಟು ಬ್ಯಾರೆ, ಚೌಕದ ಎದುರಿಗಿನ ಹೋಟೆಲ್‌ನ್ಯಾಗಂತೂ.

ಪ್ರಶ್ನೆ: ಇಳಕಲ್ ಸೀರಿ ಉಟ್ಕೊಂಡು ವ್ಯಾಟಿಕನ್ ಒಳಗ ಹೋಗಬಹುದಾ?
— ಇಳಕಲ್‌ನಿಂದ ಒಬ್ಬರು

ಧಾರಾಳ. ಭುಜ ಮತ್ತ ಮೊಳಕಾಲು ಮುಚ್ಚಿರಬೇಕು ಅನ್ನೋದ ಅಲ್ಲಿಯ ನಿಯಮ, ಗಂಡಸರಿಗೂ. ಇಳಕಲ್ ಸೀರಿಗಿಂತ ಚಲೋ ಡ್ರೆಸ್ ಇನ್ನೇನ್ ಐತಿ. ನನ್ನ ಮಗಳ ಜೀನ್ಸ್ ಚಡ್ಡಿ ನೋಡಿ ಬಾಗಲದಾಗ ನಿಲ್ಲಿಸಿದ್ರು, ಹೊರಗ ಸ್ಕಾರ್ಫ್ ಮಾರೂವ ಒಬ್ಬ ಬಾಂಗ್ಲಾದೇಶದ ಹುಡುಗ, ಹಿಂದಿ ಮಾತಾಡಿದ, ಐದು ನಿಮಿಷ ಚೌಕಾಸಿ ಮಾಡಿ ಒಂದು ತಗೊಂಡು ಲುಂಗಿ ಸುತ್ತಿದಂಗ ಸುತ್ಕೊಂಡು ಒಳಗ ಹೋದ್ಲು. ಸೀರಿ ಮ್ಯಾಲ ಬೂಟು ಹಾಕ್ಕೋರಿ, ನಾಚ್ಕೋಬ್ಯಾಡ್ರಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕಡೀ ಆದಿತ್ಯವಾರ ಒಂದು ಬಿಟ್ರ ಉಳಿದ ಆದಿತ್ಯವಾರ ಬಂದ್ ಇರ್ತೈತಿ, ಚಾವಣಿ ತುಂಬ ಚಿತ್ರ ಬರೆದ ಸಿಸ್ಟೀನ್ ಚಾಪೆಲ್ ಒಳಗ ಫೋಟೋ ಇಲ್ಲ, ಗೈಡೂ ಮಾತಾಡಂಗಿಲ್ಲ, ಎಲ್ಲಾ ಹೊರಗ ಹೇಳಿ ಮುಗಿಸಿ ಒಳಗ ಕಳಸ್ತಾರ. ಬರೇ ಕತ್ತು ಮ್ಯಾಲ ಎತ್ತಿ ನಿಲ್ಲೂದು.

ಪ್ರಶ್ನೆ: ನಮ್ಮ ಅವ್ವಗ 68 ವಯಸ್ಸು, ಮೊಳಕಾಲು ನೋವು. ಹಾಪ್ ಆನ್ ಹಾಪ್ ಆಫ್ ಬಸ್ಸಿನಾಗ ಕುಂತು ಎಲ್ಲಾ ತೋರಸ್ಬಹುದಾ?
— ಟಿಳಕವಾಡಿ, ಬೆಳಗಾವಿ

ಎಲ್ಲಾ ಅಲ್ಲ. ಬೇಕಾದಲ್ಲಿ ಇಳದು ಮತ್ತ ಹತ್ತೂ ಆ ಬಸ್ಸಿನಾಗ ಊರಿನ ಆಕಾರ ತಿಳೀತೈತಿ, ಮೊದಲನೇ ದಿನ ಮುಂಜಾನೆ ಒಂದು ಸುತ್ತು ಹೊಡೀರಿ, ಚಲೋ. ಆದ್ರ ಪ್ಯಾಂಥಿಯನ್, ಟ್ರೆವಿ ಕಾರಂಜಿ, ನವೋನಾ ಚೌಕ ಇವೆಲ್ಲ ಓಣಿಯೊಳಗ ಅದಾವ, ದೊಡ್ಡ ಬಸ್ಸು ಒಳಗ ಹೋಗಂಗಿಲ್ಲ, ನಡದ ಹೋಗಬೇಕು. ನೆಲಕ್ಕ ಕರೀ ಕಲ್ಲಿನ ಸಣ್ಣ ಸಣ್ಣ ಚೌಕ ಹಾಸ್ಯಾರ, ಸಂದಿಗೆ ಸಂದಿ, ಮೊಳಕಾಲು ನೋವಿದ್ದವ್ರಿಗೆ ಅದ ದೊಡ್ಡ ಶತ್ರು. ಒಂದು ದಿನಕ್ಕ ಒಂದ ಕಡೆ ಅಂತ ಇಟ್ಕೋರಿ, ಟ್ಯಾಕ್ಸಿಲೆ ಬಾಗಲತನ ಹೋಗ್ರಿ, ನಡುವ ಚರ್ಚ್ ಸಿಕ್ಕಲ್ಲಿ ಒಳಗ ಹೋಗಿ ಕುಂಡ್ರಸ್ರಿ, ತಂಪು ಇರ್ತೈತಿ, ಬಾಕ ಇರ್ತಾವ, ಬಾಳ ಚರ್ಚಿಗೆ ಟಿಕೆಟ್ ಇಲ್ಲ. ಸ್ಪ್ಯಾನಿಷ್ ಸ್ಟೆಪ್ಸ್ ಮ್ಯಾಲ ಮಾತ್ರ ಕುಂಡ್ರಸ್ಬ್ಯಾಡ್ರಿ, 2019ರಿಂದ ಅಲ್ಲಿ ಕುಂತ್ರ ದಂಡ ಹಾಕ್ತಾರ. ಮೆಟ್ಲ ಕಟ್ಟಿ ಕೂಡಬ್ಯಾಡ ಅಂದ್ರ ನಮ್ಮ ಮಂದಿಗೆ ತಿಳಿಯಂಗಿಲ್ಲ, ನಮ್ಮ ಯಜಮಾನ್ರು ಕುಂತ ಬಿಟ್ಟಿದ್ರು, ಸೀಟಿ ಊದಿ ಎಬ್ಬಿಸಿದ್ರು.

ನೀರಿನ ಬಾಟ್ಲಿ ಖಾಲಿ ಒಯ್ರಿ. ಓಣಿ ಓಣಿಗೆ ಕಬ್ಬಿಣದ ಸಣ್ಣ ನಳ ಅದಾವ, ಎರಡು ಸಾವಿರದ ಮ್ಯಾಲ, "ನಾಸೊನೆ" ಅಂತಾರ, ಅಂದ್ರ ದೊಡ್ಡ ಮೂಗು, ನಳ ಮೂಗಿನಂಗ ಬಾಗಿರ್ತೈತಿ. ನೀರು ಹಗಲೂ ರಾತ್ರಿ ಹರೀತಿರ್ತೈತಿ, ಪುಗಸಟ್ಟೆ. ಬಗ್ಗಾಕ ಆಗದವ್ರು ನಳದ ಬಾಯಿ ಬೆರಳಲೆ ಮುಚ್ಚಿದ್ರ ಮ್ಯಾಲಿನ ಸಣ್ಣ ತೂತಿನಿಂದ ಕಾರಂಜಿ ಹಂಗ ಪುಟಿತೈತಿ, ನಿಂತಲ್ಲೇ ಕುಡೀಬಹುದು. ನಿಮ್ಮ ಅವ್ವಗ ಇದೊಂದು ಕಲಿಸ್ರಿ, ಖುಷಿ ಆಗ್ತಾರ. ಜುಲೈ ಆಗಸ್ಟ್ ಬಿಡ್ರಿ. ನಮ್ಮ ಏಪ್ರಿಲ್ ಬಿಸಲು ಕಂಡವ್ರಿಗೆ ಅದೇನ್ ಅಲ್ಲ ಅನಸ್ತೈತಿ, ಆದ್ರ ಇಲ್ಲಿ ನಾವು ಮಧ್ಯಾಹ್ನ ಮನಿಯೊಳಗ ಇರ್ತೀವಿ, ಅಲ್ಲಿ ರೊಕ್ಕ ಕೊಟ್ಟು ಬಿಸಲಾಗ ತಿರುಗ್ತೀವಿ.

ಪ್ರಶ್ನೆ: ಕಳ್ಳರ ಕಾಟ ಬಾಳಂತ? ವೀಸಾಕ್ಕ ಎಷ್ಟು ದಿನ ಮೊದಲ ಹಾಕಬೇಕು?
— ಚಿಕ್ಕೋಡಿ, ಜಮಖಂಡಿ, ಇಂಡಿಯಿಂದ ಮೂವರು

ಚಾಕು ಚೂರಿ ತೋರಸೂ ಕಳ್ಳರಲ್ಲ, ಕಿಸೆಗಳ್ಳರು. ಟರ್ಮಿನಿ ಸ್ಟೇಷನ್‌ನಿಂದ ವ್ಯಾಟಿಕನ್ ಕಡೆ ಹೋಗೂ 64 ನಂಬರ್ ಬಸ್ಸು ಇದಕ್ಕ ಹೆಸರಾಗೈತಿ. ಯಜಮಾನ್ರು ಪ್ಯಾಂಟಿನ ಹಿಂದಿನ ಕಿಸೆದಾಗ ಪಾಕೀಟು ಇಟ್ಕೊಂಡಿದ್ರು, ಇಳದ ಮ್ಯಾಲ ನೋಡಿದ್ರ ಕಿಸೆದ ಗುಂಡಿ ಹಾಕಿದಂಗ ಐತಿ, ಪಾಕೀಟು ಇಲ್ಲ! ಗುಂಡಿ ತೆಗೆದು ಮತ್ತ ಹಾಕ್ಯಾನ ಅಂದ್ರ ಎಂಥ ಕೈ ಇರಬೇಕು ನೋಡ್ರಿ. ಪಾಸ್‌ಪೋರ್ಟ್ ನನ್ನ ಸೊಂಟದ ಚೀಲದಾಗ ಇತ್ತು, ಅದಕ್ಕ ಬಚಾವ್. ಕೈಗೆ ದಾರ ಕಟ್ಟಾಕ ಬರೂರು, ಗುಲಾಬಿ ಹೂವು ಕೈಯಾಗ ತುರುಕೂರು, ರೋಮನ್ ಸೈನಿಕನ ವೇಷ ಹಾಕಿ ಫೋಟೋಕ್ಕ ನಿಲ್ಲೂರು, ಎಲ್ಲಾರೂ ಆಮ್ಯಾಲ ರೊಕ್ಕ ಕೇಳ್ತಾರ.

ಷೆಂಗೆನ್ ವೀಸಾ (ಯುರೋಪಿನ ಬಾಳ ದೇಶಕ್ಕ ಕೂಡಿ ನಡಿಯೂ ಒಂದ ವೀಸಾ) ಆರು ತಿಂಗಳು ಮೊದಲಿಂದ ಹಾಕಬಹುದು, ಕಡೀಗಂದ್ರ 15 ದಿನ ಅಂತ ಐತಿ, ಅಲ್ಲಿತನ ಕುಂಡ್ರಬ್ಯಾಡ್ರಿ, ಎರಡು ಮೂರು ತಿಂಗಳು ಮೊದಲ ಹಾಕ್ರಿ. 2024ರಿಂದ ದೊಡ್ಡವ್ರಿಗೆ ಫೀ 90 ಯೂರೋ, 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಬೇಕ ಬೇಕು. ಯಾವ ದೇಶದಾಗ ಹೆಚ್ಚು ರಾತ್ರಿ ಉಳೀತೀರೋ ಆ ದೇಶಕ್ಕ ಅರ್ಜಿ.

ಪ್ರಶ್ನೆ: ಟ್ರೆವಿ ಕಾರಂಜಿಯೊಳಗ ನಾಣ್ಯ ಒಗದ್ರ ಮತ್ತೊಮ್ಮೆ ರೋಮ್‌ಗೆ ಹೋಗ್ತಾರಂತ, ಖರೇನಾ?
— ಮುಧೋಳ

ಬಲಗೈಲೆ ಎಡ ಭುಜದ ಮ್ಯಾಲಿಂದ ಹಿಂದಕ್ಕ ಒಗೀಬೇಕು, ತಿರುಗಿ ನೋಡಬಾರದು, ಹಂಗಂತಾರ. ಕಾರಂಜಿ 1762ರಾಗ ಮುಗಿದದ್ದು, ಆದ್ರ ಅದಕ್ಕ ಬರೂ ನೀರಿನ ಕಾಲುವೆ ಕ್ರಿಸ್ತಪೂರ್ವ 19ರಾಗಿಂದು, ಅಗ್ರಿಪ್ಪ ಅನ್ನಾವ ಮಾಡಿಸಿದ್ದು. ಆತನ ಹೆಸರ ಪ್ಯಾಂಥಿಯನ್ ಹಣಿ ಮ್ಯಾಲೂ ದೊಡ್ಡ ಅಕ್ಷರದಾಗ ಐತಿ, ಮೊದಲ ಅಲ್ಲಿ ಗುಡಿ ಕಟ್ಟಿಸಿದಾವ ಆತ, ಆಮ್ಯಾಲ ಹೊಸದು ಕಟ್ಟಿಸಿದ ಹೇಡ್ರಿಯನ್ ತನ್ನ ಹೆಸರು ಹಾಕ್ಕೊಳ್ಳದ ಹಳಬನ ಹೆಸರ ಉಳಿಸ್ಯಾನ. ಈಗಿನ ಉದ್ಘಾಟನಾ ಫಲಕ ನೋಡಿದವ್ರು ನಂಬೂದು ಕಷ್ಟ. ನಮ್ಮ ಊರಾಗೂ ಬೇಗಂ ತಲಾಬದಿಂದ ಮಣ್ಣಿನ ಪೈಪಿನಾಗ ನೀರು ಬರ್ತಿತ್ತು, ನಡುವ ಗಂಜ್ ಅಂತ ಕಲ್ಲಿನ ನೀರಿನ ಗೋಪುರ, ಅವು ಇನ್ನೂ ನಿಂತಾವ, ನೀರಿಲ್ಲ.

ಒಗದ ನಾಣ್ಯ ಎಲ್ಲಾ ಬಳದು ಬಡವರ ಕೆಲಸಕ್ಕ ಕಾರಿತಾಸ್ ಅನ್ನೋ ಚರ್ಚ್ ಸಂಸ್ಥೆಗೆ ಕೊಡ್ತಾರ. ನಾನು ಮೊದಲನೇ ಸಲ ಗಡಿಬಿಡಿಯೊಳಗ ಪರ್ಸಿಗೆ ಕೈ ಹಾಕಿ ಸಿಕ್ಕಿದ್ದು ಒಗದೆ, ಆಮ್ಯಾಲ ನೋಡಿದ್ರ ಎರಡು ರೂಪಾಯಿ ನಾಣ್ಯ. ನಾಕು ವರ್ಷಕ್ಕ ಮಗಳು ಕರ್ಕೊಂಡು ಹೋದ್ಲು. ಈ ಸಲ ಯೂರೋನ ಒಗದೀನಿ.